ಅಮ್ಮನನ್ನು ಸಂಶೋಧನೆಯ ಸಲಹಾ ಗುಂಪಿಗೆ ಕರೆದಿದ್ದಾರೆ, ಕಳಿಸಬಹುದಾ?

ಪ್ರಶ್ನೆ: ಮೇಡಂ, ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಕೀಮೋ ಮುಗಿದು 8 ತಿಂಗಳಾಯಿತು. ಈಗ ಒಂದು ಸಂಶೋಧನಾ ತಂಡದವರು ಫೋನ್ ಮಾಡಿ, ಹೊಸ ಅಧ್ಯಯನಕ್ಕೆ ರೋಗಿಗಳ ಸಲಹಾ ಗುಂಪು ಮಾಡುತ್ತಿದ್ದೇವೆ, ಬನ್ನಿ ಅಂದರು. ಅಮ್ಮ ಜಾಸ್ತಿ ಓದಿಲ್ಲ. "ಅಷ್ಟು ಓದಿದವರಿಗೆ ನಾನೇನು ಹೇಳಲಿ" ಅನ್ನುತ್ತಾರೆ. ನನ್ನ ಭಯ ಬೇರೆ. ಅಮ್ಮನ ಮೇಲೆ ಔಷಧಿ ಪ್ರಯೋಗ ಮಾಡುತ್ತಾರಾ?

ಉತ್ತರ (ಕ್ಯಾನ್ಸರ್ ಔಷಧಿಗಳ ಅಧ್ಯಯನದಲ್ಲಿ ಕೆಲಸ ಮಾಡುವ ವೈದ್ಯೆ): ಇಲ್ಲ, ಮಾಡುವುದಿಲ್ಲ. ಪ್ರಯೋಗಕ್ಕೆ ಸೇರುವುದು ಬೇರೆ, ಸಲಹೆ ಕೊಡುವುದು ಬೇರೆ. ಸೇರಿದವರು ಔಷಧಿ ತಗೊಳ್ಳುತ್ತಾರೆ, ರಕ್ತ ಕೊಡುತ್ತಾರೆ. ಸಲಹಾ ಗುಂಪಿನವರು ಅದಕ್ಕೂ ಮುಂಚೆ ನಮ್ಮ ಜೊತೆ ಕೂತು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು, ಎಷ್ಟು ಸಲ ಆಸ್ಪತ್ರೆಗೆ ಕರೆಸಿದರೆ ಜನಕ್ಕೆ ತಡೆದುಕೊಳ್ಳೋಕೆ ಆಗುತ್ತದೆ, ಒಪ್ಪಿಗೆ ಪತ್ರ ಓದಿದರೆ ಅರ್ಥ ಆಗುತ್ತದಾ, ಇದನ್ನೆಲ್ಲ ಹೇಳುತ್ತಾರೆ.

ಇನ್ನು "ನಾನೇನು ಹೇಳಲಿ" ಅನ್ನುವ ಮಾತು. ಕೆಲವು ಕೀಮೋ ಔಷಧಿಗಳಿಂದ ಬೆರಳು ಜೋಮು ಹಿಡಿಯುತ್ತದೆ. ಅದನ್ನು ಕೇಳಲು ಒಮ್ಮೆ ನಮ್ಮ ನಮೂನೆಯಲ್ಲಿ "ಬೆರಳು ಜೋಮು: ಸ್ವಲ್ಪ, ಮಧ್ಯಮ, ತೀವ್ರ" ಅಂತ ಬರೆದಿದ್ದೆವು. ಗುಂಪಿನಲ್ಲಿದ್ದ ಒಬ್ಬ ಹಿರಿಯರು ಏನೂ ಮಾತಾಡದೆ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರು. ಬೆರಳು ಜಾರಿತು, ಮತ್ತೆ ಜಾರಿತು. "ನನಗೆ ಸ್ವಲ್ಪ ಅಂತ ಬರೆದುಕೊಂಡಿದ್ದಾರಲ್ಲಮ್ಮ" ಅಂದರು. ಅವತ್ತೇ ಆ ಸಾಲು ಹೊಡೆದು ಹಾಕಿ, ಗುಂಡಿ ನೀವೇ ಹಾಕಿಕೊಳ್ಳುತ್ತೀರಾ, ಚಮಚ ಹಿಡಿಯೋಕೆ ಆಗುತ್ತದಾ ಅಂತ ಕೇಳಲು ಶುರು ಮಾಡಿದೆವು. ಇಷ್ಟು ವರ್ಷದ ಓದಿನಲ್ಲಿ ನನಗೆ ಅದು ಹೊಳೆದಿರಲಿಲ್ಲ.

ರೋಗಿಯ ಮಾತಿಗೆ ಎಷ್ಟು ಬೆಲೆ ಅಂದರೆ, ಅಮೆರಿಕದಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಜನರ ಅಧ್ಯಯನ ಒಂದು ನಡೆಯಿತು. ಕೀಮೋ ವೇಳೆ ತಮ್ಮ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ತಿಳಿಸುತ್ತಿದ್ದವರಲ್ಲಿ ಅರ್ಧದಷ್ಟು ಜನ ಸುಮಾರು 31 ತಿಂಗಳಿಗಿಂತ ಹೆಚ್ಚು ಬದುಕಿದರು, ಮಾಮೂಲಿ ಆರೈಕೆಯವರಲ್ಲಿ ಇದೇ ಲೆಕ್ಕ 26 ತಿಂಗಳು. ಇದು 2017ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಲಿಂಡ್ ಅಲಯನ್ಸ್ ಅನ್ನುವ ವೇದಿಕೆಯಲ್ಲಿ ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಒಟ್ಟಿಗೆ ಕೂತು, ಒಂದೊಂದು ಕಾಯಿಲೆಯ ಬಗ್ಗೆ ಸಂಶೋಧನೆ ಉತ್ತರ ಹುಡುಕಬೇಕಾದ ಮುಖ್ಯವಾದ ಹತ್ತು ಪ್ರಶ್ನೆ ಆರಿಸುತ್ತಾರೆ. ಆರೈಕೆ ಮಾಡುವವರು ಅಂದೆ ನೋಡಿ, ಅದರಲ್ಲಿ ನೀವೂ ಬರುತ್ತೀರಿ.

ಇನ್ನೊಬ್ಬ ಸದಸ್ಯರು: ನಾನೂ ಒಂದು ಕಡೆ ಹೋಗಿದ್ದೆ ಮೇಡಂ. ಎಲ್ಲ ಮೊದಲೇ ಬರೆದು ಮುಗಿಸಿದ್ದರು. ಸುಮ್ನೆ ಕೂರಿಸಿ, ಫೋಟೋ ತೆಗೆದು ಕಳಿಸಿದರು.

ಉತ್ತರ: ಹೀಗೂ ಆಗುತ್ತದೆ, ನನಗೆ ತುಂಬಾ ಬೇಜಾರಾಗುತ್ತದೆ. ಹೋಗುವ ಮುಂಚೆ ಒಂದು ಮಾತು ಕೇಳಿಬಿಡಿ: ಅಧ್ಯಯನದ ಯೋಜನೆಗೆ ನೈತಿಕ ಸಮಿತಿಯ (ಅಧ್ಯಯನದಿಂದ ಜನಕ್ಕೆ ಅನ್ಯಾಯ, ಅಪಾಯ ಆಗದ ಹಾಗೆ ಮೊದಲೇ ಪರಿಶೀಲಿಸುವ ಸಮಿತಿ) ಒಪ್ಪಿಗೆ ಆಗಲೇ ಸಿಕ್ಕಿದೆಯಾ? ಸಿಕ್ಕಿದ್ದರೆ ಬದಲಾಯಿಸಲು ಉಳಿದಿರುವುದು ಕಡಿಮೆ. ನಮ್ಮ ಮಾತಿನಿಂದ ಏನು ಬದಲಾಯಿತು, ಏನು ಆಗಲಿಲ್ಲ ಅಂತ ಆಮೇಲೆ ತಿಳಿಸುತ್ತೀರಾ ಅಂತಲೂ ಕೇಳಿ. ಓಡಾಟದ ಖರ್ಚು, ಸಮಯಕ್ಕೆ ಹಣ ಕೇಳಲು ಸಂಕೋಚ ಬೇಡ. ಸುಸ್ತಾದರೆ ಮಧ್ಯದಲ್ಲೇ ಬಿಡಬಹುದು, ಅದರಿಂದ ಚಿಕಿತ್ಸೆಗೆ ಯಾವ ತೊಂದರೆಯೂ ಆಗಬಾರದು.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಓದಿ ಹೇಳಿದೆ ಮೇಡಂ. ಕೀಮೋ ಸಮಯದಲ್ಲಿ ನೀರು ಕುಡಿದರೂ ಕಬ್ಬಿಣ ನೆಕ್ಕಿದ ಹಾಗೆ ಇರುತ್ತಿತ್ತು, ಯಾರೂ ಕೇಳಲೇ ಇಲ್ಲ, ಅದನ್ನ ಹೇಳಬಹುದಾ ಅಂತಿದ್ದಾರೆ.

ಉತ್ತರ: ಮೊದಲು ಅದನ್ನೇ ಹೇಳಲಿ. ಎಷ್ಟು ದಿನ ಇತ್ತು, ಅದರಿಂದ ಏನೇನು ತಿನ್ನೋಕೆ ಆಗಲಿಲ್ಲ, ಇವತ್ತೇ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.