ರೆಡಿಸ್‌ನ ಲೂವಾ ಬಗ್: ಒಳಗಿನ ಸರ್ವರ್‌ಗೂ ಅಪ್‌ಡೇಟ್ ಬೇಕಾ?

ಪ್ರಶ್ನೆ: ನಮ್ಮಲ್ಲಿ ಇನ್ನೂ ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಡೇಟಾಬೇಸ್) 7.2.4 ಓಡುತ್ತಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಸಿವಿಇ-2025-49844 ಅನ್ನೋ ಭದ್ರತಾ ದೋಷದ ಬಗ್ಗೆ ಈಗ ಓದಿದೆ, ರೆಡಿಸ್ ಒಳಗೆ ಲೂವಾ ಭಾಷೆಯ ಸ್ಕ್ರಿಪ್ಟ್ ಓಡಿಸುವ ಭಾಗದಲ್ಲಿದೆಯಂತೆ, ತೀವ್ರತೆ 10ಕ್ಕೆ 10! ಆದರೆ ಲಾಗಿನ್ ಆದವರಿಂದ ಮಾತ್ರ ಸಾಧ್ಯ ಅಂತಾರೆ, ನಮ್ಮದು ಒಳಗಿನ ನೆಟ್‌ವರ್ಕ್‌ನಲ್ಲೇ ಇದೆ, ಸುಮ್ನೆ ಬಿಟ್ಟರೆ ನಡೆಯುತ್ತಾ?

ಉತ್ತರ: ಮೊದಲು ಕಾನ್ಫಿಗ್ ಫೈಲ್ ತೆರೆಯಿರಿ. ಪಾಸ್‌ವರ್ಡ್ ಹಾಕುವ ರಿಕ್ವೈರ್‌ಪಾಸ್ ಸಾಲಿನ ಮುಂದೆ # ಹಾಗೇ ಇದ್ದು (ಅಂದ್ರೆ ಆ ಸಾಲು ಲೆಕ್ಕಕ್ಕಿಲ್ಲ), ಎಸಿಎಲ್ (ಯಾರು ಯಾವ ಕಮಾಂಡ್ ಓಡಿಸಬಹುದು ಅನ್ನೋ ಪಟ್ಟಿ) ಕೂಡ ಹಾಕಿಲ್ಲ ಅಂದ್ರೆ ಪಾಸ್‌ವರ್ಡೇ ಇಲ್ಲ. ಆಮೇಲೆ ಲಾಗಿನ್ ಮಾತೆಲ್ಲಿ ಬಂತು?

ಉತ್ತರ: ಇದು ಯೂಸ್-ಆಫ್ಟರ್-ಫ್ರೀ. ಬೇಡದ ಮೆಮೊರಿ ತೆರವು ಮಾಡುವ ಲೂವಾ ಗಾರ್ಬೇಜ್ ಕಲೆಕ್ಟರ್ ಒಂದು ಮೆಮೊರಿ ತುಂಡನ್ನು ಬಿಟ್ಟುಕೊಟ್ಟಿರುತ್ತದೆ, ಹಳೇ ಪಾಯಿಂಟರ್ ಮಾತ್ರ ಇನ್ನೂ ಅಲ್ಲಿಗೇ ಕೈ ತೋರಿಸುತ್ತಿರುತ್ತದೆ. ಬಾಡಿಗೆ ಮನೆ ಬಿಟ್ಟವರು ಕೀ ಇಟ್ಟುಕೊಂಡ ಹಾಗೆ. ಆ ಜಾಗಕ್ಕೆ ಬೇಕಾದ್ದು ತುಂಬುವ ಸ್ಕ್ರಿಪ್ಟ್ ಬರೆದರೆ ಸ್ಯಾಂಡ್‌ಬಾಕ್ಸ್ (ಸ್ಕ್ರಿಪ್ಟ್ ಹೊರಗೆ ಹೋಗದಂತೆ ಹಾಕಿದ ಬೇಲಿ) ದಾಟಿ ಸರ್ವರ್ ಮೇಲೇ ಕೋಡ್ ಓಡಿಸಬಹುದು. ಸುಮಾರು 13 ವರ್ಷ ಕೋಡ್‌ನಲ್ಲೇ ಕೂತಿತ್ತು, ನೋಡಿ!

ಉತ್ತರ: ಈ ದೋಷ ಸರಿಪಡಿಸಿದ 7.2.11 ಹಾಕಿ. ಇವತ್ತೇ ಆಗಲ್ಲ ಅಂದ್ರೆ ಎಸಿಎಲ್‌ನಲ್ಲಿ ಲೂವಾ ಓಡಿಸುವ ಇವಾಲ್, ಇವಾಲ್‌ಶಾ ಕಮಾಂಡ್ ಎರಡನ್ನೂ ಮುಚ್ಚಿ. ಆದರೆ ಡೆವಲಪರ್‌ಗಳನ್ನು ಕೇಳಿ ಮುಚ್ಚಿ, ನಾನು ಕೇಳದೆ ಮುಚ್ಚಿ ಜಾಬ್ ಕ್ಯೂ ಪೂರ್ತಿ ನಿಂತಿತ್ತು, ಅದರ ಲೈಬ್ರರಿ ಒಳಗೊಳಗೇ ಲೂವಾ ಬಳಸುತ್ತಿತ್ತು.

ಪ್ರಶ್ನೆ ಕೇಳಿದವರು: ನೋಡಿದೆ. # ಇದೆ. ಎಸಿಎಲ್ ಇಲ್ಲ. ರಾತ್ರಿಯೇ ಅಪ್‌ಡೇಟ್ ಮಾಡುತ್ತೇನೆ.