ಬೇಸ್‌ಮೆಂಟ್ ಪಂಕ್ ಗಿಗ್ ಫೋಟೋಗಳಲ್ಲಿ ಪಟ್ಟೆ ಪಟ್ಟೆ, ಮುಖವೆಲ್ಲ ಕೆಂಪು ಮುದ್ದೆ: ಏನು ಮಾಡೋದು?

ಬೇಸ್‌ಮೆಂಟ್28:
ಎಲ್ಲರಿಗೂ ನಮಸ್ಕಾರ. ಜಾಗ ಇಂದಿರಾನಗರದ ಕಡೆಯ ಒಂದು ನೆಲಮಾಳಿಗೆ ಜ್ಯಾಮ್ ರೂಮ್. ಸುಮಾರು 20 ಅಡಿಗೆ 15 ಅಡಿ, ಎತ್ತರ 8 ಅಡಿ, ಗೋಡೆ ಸೀಲಿಂಗ್ ಎಲ್ಲ ಕಪ್ಪು ಫೋಮ್. ಸ್ಟೇಜ್ ಇಲ್ಲ, ಬ್ಯಾಂಡೂ ಜನರೂ ಒಂದೇ ನೆಲದ ಮೇಲೆ. ನಾಲ್ಕು ಎಲ್‌ಇಡಿ ಪಾರ್ ಲೈಟು (ಡಬ್ಬದಾಕಾರದ ಬಣ್ಣದ ಸ್ಟೇಜ್ ಲೈಟು), ಬಾಗಿಲ ಹತ್ತಿರ ಚೋಕ್ ಇರೋ ಹಳೇ ಟ್ಯೂಬ್‌ಲೈಟ್.

ಕ್ಯಾಮೆರಾ ಫುಲ್‌ಫ್ರೇಮ್ ಮಿರರ್‌ಲೆಸ್, 28 ಎಂಎಂ ಎಫ್/2 ಲೆನ್ಸ್. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 6400, ಎಫ್/2 (ಲೆನ್ಸಿನ ತೆರಪು), 1/500 ಸೆಕೆಂಡ್, ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್. ತೊಂದರೆ ಮೂರು:
1. ಚಿತ್ರದ ಉದ್ದಕ್ಕೂ ಅಡ್ಡ ಪಟ್ಟೆ. ಕೆಲವು ಕಪ್ಪು, ಕೆಲವು ನೀಲಿ, ಕೆಲವು ಕೆಂಪು.
2. ಹಾಡುವವರ ಮುಖ ಕೆಂಪು ಪ್ಲಾಸ್ಟಿಕ್ ಥರ. ಕಣ್ಣು ಮೂಗು ಗೆರೆಯೇ ಇಲ್ಲ. ಹಿಸ್ಟೋಗ್ರಾಂ (ಕ್ಯಾಮೆರಾ ತೋರಿಸೋ ಬೆಳಕಿನ ಗ್ರಾಫ್) ನೋಡಿದ್ರೆ ಎಲ್ಲ ಸರಿಯಾಗೇ ಇದೆ.
3. ಫ್ಲ್ಯಾಶ್‌ನ ಸೀಲಿಂಗ್ ಕಡೆ ತಿರುಗಿಸಿ ಹೊಡೆದರೆ ಏನೂ ಬೀಳ್ತಿಲ್ಲ, ಫುಲ್ ಪವರ್‌ನಲ್ಲೂ.

ಒಂದು ವರ್ಷದ ಗಿಗ್‌ಗಳನ್ನೆಲ್ಲ ದಾಖಲಿಸಿ ಕೊನೆಗೆ ಝೆರಾಕ್ಸ್ ಝೀನ್ (ನಾವೇ ಮಾಡೋ ಪುಟ್ಟ ಪತ್ರಿಕೆ) ಮಾಡೋ ಯೋಚನೆ ಇದೆ. ಕ್ಯಾಮೆರಾ ಬದಲಾಯಿಸಬೇಕಾ?

ಕತ್ತಲೆಕೋಣೆ:
ಕ್ಯಾಮೆರಾ ಬದಲಾಯಿಸ್ಬೇಡಿ. ತಪ್ಪು ಲೈಟಿನದು, ಅರ್ಧ ಸೈಲೆಂಟ್ ಶಟರಿನದು. ಮೂರನೇದು ಮೊದಲು ಹೇಳಿಬಿಡ್ತೀನಿ: ಕಪ್ಪು ಫೋಮ್ ಇರೋದೇ ನುಂಗೋಕೆ, ಸೌಂಡನ್ನೂ ಲೈಟನ್ನೂ. ಅಲ್ಲಿ ಬೌನ್ಸ್ (ಸೀಲಿಂಗಿಗೆ ಬಡಿದು ವಾಪಸ್ ಬೀಳೋ ಫ್ಲ್ಯಾಶ್ ಬೆಳಕು) ಅನ್ನೋದನ್ನ ಮರೆತುಬಿಡಿ.

ಪಟ್ಟೆ ವಿಷಯ. ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತೆ. ನಿಮ್ಮ ಥರದ ಬಾಡಿಗಳಲ್ಲಿ ಇದಕ್ಕೆ 1/15 ಸೆಕೆಂಡ್ ಹತ್ತಿರ ಬೇಕು, ಅಂದ್ರೆ 65 ಮಿಲಿಸೆಕೆಂಡ್. ಅಷ್ಟರಲ್ಲಿ ಲೈಟು ಎಷ್ಟು ಸಲ ಆರಿ ಹತ್ತುತ್ತೋ ಅಷ್ಟು ಪಟ್ಟೆ. ನೀವು 1/500 ಇಟ್ಟಿರೋದು ಒಂದೊಂದು ಸಾಲಿಗೆ ಸಿಗೋ ಸಮಯ ಮಾತ್ರ, ಇಡೀ ಚಿತ್ರಕ್ಕಲ್ಲ. ಸುಮಾರು ಜನ ಎಡವೋದು ಇಲ್ಲೇ.

ಯಾವ ಲೈಟು ಕಳ್ಳ ಅಂತ ಹಿಡಿಯೋದು ಸುಲಭ. ಸೌಂಡ್‌ಚೆಕ್ ಹೊತ್ತಲ್ಲಿ ಒಂದು ಬಿಳಿ ಹಾಳೆ ಗೋಡೆಗೆ ಅಂಟಿಸಿ. ಫ್ರೇಮ್ ತುಂಬ ಹಾಳೆಯೇ ಇರಲಿ. ಒಂದು ಸಲಕ್ಕೆ ಒಂದೇ ಲೈಟು ಹಾಕಿ, ಸೈಲೆಂಟ್ ಶಟರಿನಲ್ಲೇ 1/2000ಕ್ಕೆ ಒಂದು ಹೊಡೀರಿ. ಪಟ್ಟೆ ಎಣಿಸಿ, ಓದುವ ಸಮಯದಿಂದ ಭಾಗಿಸಿ. 6 ಅಥವಾ 7 ಅಗಲ ಪಟ್ಟೆ ಬಂದರೆ 100 ಹರ್ಟ್ಸ್: ನಮ್ಮ ಕರೆಂಟು 50 ಹರ್ಟ್ಸ್, ಲೈಟು ಒಂದು ಸೈಕಲ್ಲಿಗೆ ಎರಡು ಸಲ ಮಿನುಗುತ್ತೆ. 26 ಬಂದರೆ 400 ಹರ್ಟ್ಸ್: ಅದು ಪಾರ್ ಒಳಗಿನ ಡಿಮ್ಮರಿನ ಕೆಲಸ.

ಪರಿಹಾರ: ಮೆಕ್ಯಾನಿಕಲ್ ಶಟರ್, 1/100. ಅದು 10 ಮಿಲಿಸೆಕೆಂಡ್, ಟ್ಯೂಬಿನ ಒಂದು ಪೂರ್ತಿ ಮಿನುಗು, 400 ಹರ್ಟ್ಸ್ ಪಾರಿನ ನಾಲ್ಕು ಪೂರ್ತಿ ಮಿನುಗು. ಎರಡೂ ಲೆಕ್ಕ ಚುಕ್ತಾ. 1/125ರಲ್ಲಿ ಟ್ಯೂಬಿನ ಲೆಕ್ಕ ಕೂಡಲ್ಲ, ಫ್ರೇಮಿನ ಒಂದು ಕಡೆ ಮಬ್ಬಾಗುತ್ತೆ. ಮೆನುವಿನ ಆಂಟಿ-ಫ್ಲಿಕರ್ ಸಾಮಾನ್ಯವಾಗಿ ನೋಡೋದು 100 ಮತ್ತು 120 ಹರ್ಟ್ಸ್ ಮಾತ್ರ, ಪಾರ್ ಲೈಟಿಗೆ ಅದು ಕಿವುಡ. ಇನ್ನು ಸೈಲೆಂಟ್ ಯಾಕೆ ಸ್ವಾಮಿ? ಪಕ್ಕದಲ್ಲಿ ಗಿಟಾರ್ ಆಂಪ್ ಕಿರುಚ್ತಿರುವಾಗ ಶಟರ್ ಸದ್ದು ಯಾರಿಗೆ ಕೇಳಬೇಕು!

ಸೋಲ್ಡರ್_ಮಗ:
ಬಣ್ಣದ ಪಟ್ಟೆ ಯಾಕೆ ಅಂತ ನಾನು ಹೇಳ್ತೀನಿ ಗುರು. ಅಗ್ಗದ ಪಾರ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಡಿಮ್ಮಿಂಗ್. ಕಡಿಮೆ ಬೆಳಕು ಬೇಕು ಅಂದ್ರೆ ಎಲ್‌ಇಡಿಗೆ ಕರೆಂಟ್ ಕಮ್ಮಿ ಮಾಡಲ್ಲ, ಜೋರಾಗಿ ಆನ್-ಆಫ್ ಮಾಡುತ್ತೆ. ನೀಲಿ ಆಫ್ ಇರೋ ಕ್ಷಣ ಓದಿದ ಸಾಲು ಕೆಂಪಾಗುತ್ತೆ, ಕೆಂಪು ಆಫ್ ಇರೋವಾಗ ಓದಿದ್ದು ನೀಲಿ.

ಆದ್ರೆ ಚಾನೆಲ್ (ಅಂದ್ರೆ ಒಂದೊಂದು ಬಣ್ಣ) ಪೂರ್ತಿ 255ಕ್ಕೆ ಇಟ್ಟರೆ ಆಫ್ ಆಗೋ ಸಮಯವೇ ಇರಲ್ಲ, ಆ ಚಾನೆಲ್ ಮಿನುಗಲ್ಲ. ಪಾರ್ ಹಿಂದೆ ನಾಲ್ಕಂಕಿ ಡಿಸ್‌ಪ್ಲೇ, ಬಟನ್ ಇರುತ್ತೆ. ಮೊದಲು ಸೌಂಡ್ ಮೋಡ್ ತೆಗೀರಿ (ಕಿಕ್ ಡ್ರಮ್ಮಿಗೊಂದು ಬಣ್ಣ ಬದಲಾಯಿಸೋ ಅನಿಷ್ಟ ಅದು). ಒಂದೇ ಬಣ್ಣ ನಿಲ್ಲೋ ಮೋಡಿಗೆ ಹಾಕಿ, ಬೇಕಾದ ಚಾನೆಲ್ 255, ಉಳಿದದ್ದು 0. ಬಿಳಿ ಚಾನೆಲ್ ಇದ್ದರೆ ಅದೊಂದೇ 255. ಬೆಳಕು ಜಾಸ್ತಿ ಆಯ್ತಾ? ಡಿಮ್ ಮಾಡ್ಬೇಡಿ. ಪಾರ್‌ನ ಗೋಡೆ ಕಡೆ ತಿರುಗಿಸಿ, ಇಲ್ಲ ದೂರ ಇಡಿ.

ಸ್ವಂತ ಲೈಟು ಒಯ್ಯೋದಾದ್ರೆ ಎಸ್‌ಪಿ ರೋಡಲ್ಲಿ 12 ವೋಲ್ಟಿನ 5050 ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 60 ಎಲ್‌ಇಡಿದು, ವಾರ್ಮ್ ವೈಟ್ ತಗೊಳ್ಳಿ. ಮೀಟರಿಗೆ 14.4 ವ್ಯಾಟ್. 3 ಮೀಟರಿಗೆ 43 ವ್ಯಾಟ್, ಅಂದ್ರೆ 3.6 ಆಂಪಿಯರ್. 12 ವೋಲ್ಟ್ 5 ಆಂಪ್ ಎಸ್‌ಎಂಪಿಎಸ್ (ಮನೆ ಕರೆಂಟನ್ನ 12 ವೋಲ್ಟಿಗೆ ಇಳಿಸೋ ಪವರ್ ಸಪ್ಲೈ) ಸಾಕು. ಇಡೀ 5 ಮೀಟರ್ ರೋಲ್ ಹಾಕಿದ್ರೆ 6 ಆಂಪ್ ಕೇಳುತ್ತೆ, ಸಪ್ಲೈ ಬಿಸಿಯಾಗಿ ಕೈ ಕೊಡುತ್ತೆ, ಸ್ಟ್ರಿಪ್‌ನ ಕೊನೆಯೂ ಮಂಕಾಗುತ್ತೆ. ಅಂಗಡಿಯವರು ಜೊತೆಗೆ ರಿಮೋಟ್ ಡಿಮ್ಮರ್ ಕೊಡೋಕೆ ಬರ್ತಾರೆ, ಬೇಡ ಅನ್ನಿ. ಅದೂ ಅದೇ ಆನ್-ಆಫ್ ಜಾತಿ.

ಜಾಲರಿ ಡಬ್ಬದ ಎಸ್‌ಎಂಪಿಎಸ್‌ಗಳಲ್ಲಿ 230 ವೋಲ್ಟಿನ ಸ್ಕ್ರೂ ಬರಿಮೈಯಲ್ಲಿ ಇರುತ್ತೆ. ಬಿಯರ್ ಚೆಲ್ಲೋ ನೆಲದ ಮೇಲೆ ಹಾಗೇ ಇಡಬಾರದು. ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಗಾಳಿಗೆ ತೂತು ಬಿಟ್ಟು, ತಲೆಗಿಂತ ಎತ್ತರದಲ್ಲಿ ಕಟ್ಟಿ.

ಬೇಸ್‌ಮೆಂಟ್28:
ಸೂಪರ್. ಕೆಂಪು ಮುಖದ ಕಥೆ ಏನು? ಫ್ಲ್ಯಾಶ್ ನೇರ ಹೊಡೆದರೆ ಪಾಸ್‌ಪೋರ್ಟ್ ಫೋಟೋ ಥರ ಆಗಲ್ವಾ?

ಕತ್ತಲೆಕೋಣೆ:
ಕೆಂಪು ಎಲ್‌ಇಡಿ ಬೆಳಕು ಬೀಳೋದು ಕೆಂಪು ಪಿಕ್ಸೆಲ್‌ಗಳ ಮೇಲೆ, ಅವು ಸೆನ್ಸರಿನಲ್ಲಿ ನಾಲ್ಕರಲ್ಲಿ ಒಂದು ಮಾತ್ರ. ಬಿಳಿ ಹಿಸ್ಟೋಗ್ರಾಂ ಮೂರೂ ಬಣ್ಣ ಸೇರಿಸಿ ಲೆಕ್ಕ ಹಾಕುತ್ತೆ, ಹಸಿರಿಗೆ ತೂಕ ಹೆಚ್ಚು. ಹಾಗಾಗಿ ಕೆಂಪು ಚಾನೆಲ್ ತುಂಬಿ ಚೆಲ್ಲಿದ್ರೂ ಅದು ನಿಮಗೆ ಹೇಳಲ್ಲ. ಮೂರು ಬಣ್ಣದ ಹಿಸ್ಟೋಗ್ರಾಂ ಆನ್ ಮಾಡಿ, ಕೆಂಪು ಗುಡ್ಡ ಬಲಗಡೆ ಗೋಡೆಗೆ ತಾಗದ ಹಾಗೆ ಇಳಿಸ್ತಾ ಹೋಗಿ. ಸಾಮಾನ್ಯವಾಗಿ ಕ್ಯಾಮೆರಾದ ಬೆಳಕು ಮೀಟರ್ ಹೇಳೋದಕ್ಕಿಂತ 1ರಿಂದ 1.7 ಸ್ಟಾಪ್ (ಒಂದು ಸ್ಟಾಪ್ ಇಳಿಸೋದು ಅಂದ್ರೆ ಬೆಳಕು ಅರ್ಧ) ಕೆಳಗೆ ಬರುತ್ತೆ. ಸ್ಕ್ರೀನಲ್ಲಿ ಚಿತ್ರ ಕತ್ತಲಾಗಿ ಕಾಣುತ್ತೆ, ಕಾಣಲಿ. ರಾ ಫೈಲಲ್ಲೇ (ಸೆನ್ಸರಿನ ಕಚ್ಚಾ ದತ್ತಾಂಶ) ತೆಗೀರಿ. ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು ಉಳಿದೆರಡನ್ನ ಎಸೆಯಿರಿ, ಅವುಗಳಲ್ಲಿರೋದು ಬರೀ ಕಾಳುಕಾಳು. ಝೀನಿಗೆ ಹೇಗೂ ಕಪ್ಪುಬಿಳುಪೇ ತಾನೆ.

ಅದಕ್ಕಿಂತ ಒಳ್ಳೇದು ನೇರ ಫ್ಲ್ಯಾಶ್. ಪಂಕ್ ಚಿತ್ರಗಳಿಗೆ ಆ ಒರಟು ಬೆಳಕು ಒಪ್ಪುತ್ತೆ. ಬೆವರು, ಉಗುಳಿನ ಹನಿ, ಹರಿದ ಟೀಶರ್ಟಿನ ನೂಲು ಎಲ್ಲ ಕಾಣುತ್ತೆ. ಪಾಸ್‌ಪೋರ್ಟ್ ಥರ ಆಗೋದು ಫ್ಲ್ಯಾಶ್ ಲೆನ್ಸಿನ ನೆತ್ತಿ ಮೇಲೆ ಕೂತಾಗ. ಕೇಬಲ್ಲೋ ಟ್ರಿಗರ್ರೋ ಹಾಕಿ, ಎಡಗೈಯಲ್ಲಿ ಹಿಡಿದು ಒಂದು ಮೊಳ ಮೇಲೆ, ಸ್ವಲ್ಪ ಪಕ್ಕಕ್ಕೆ.

ಲೆಕ್ಕ: ನಿಮ್ಮ ಫ್ಲ್ಯಾಶಿಗೆ 28 ಎಂಎಂ ಜೂಮಿನಲ್ಲಿ, ಐಎಸ್‌ಒ 100ಕ್ಕೆ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿ; ಎಫ್ ಸಂಖ್ಯೆಯಿಂದ ಭಾಗಿಸಿದ್ರೆ ಬೆಳಕು ಮುಟ್ಟೋ ದೂರ) 28 (ಮೀಟರ್) ಅಂತ ಇಟ್ಕೊಳ್ಳಿ, ಸರಿಯಾದ್ದು ಮ್ಯಾನ್ಯುಯಲ್ ಕೋಷ್ಟಕದಲ್ಲಿ ಇರುತ್ತೆ. ಐಎಸ್‌ಒ 800ಕ್ಕೆ ಅದು 79. ಪವರ್ 1/32ಕ್ಕೆ ಇಳಿಸಿದ್ರೆ 14. ಎಫ್/8ರಿಂದ ಭಾಗಿಸಿದ್ರೆ 1.75 ಮೀಟರ್. ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ 1.5 ಮೀಟರಿಗೆ ಟೇಪ್ ಹಚ್ಚಿ ಬಿಗಿ ಮಾಡಿ. 28 ಎಂಎಂ, ಎಫ್/8ರಲ್ಲಿ ಸುಮಾರು 1ರಿಂದ 2.7 ಮೀಟರ್ ತನಕ ಚೂಪಾಗಿರುತ್ತೆ. ಆ ಕೋಣೆಯಲ್ಲಿ ಅದರಾಚೆ ನಿಮಗೆ ಏನೂ ಬೇಕಿಲ್ಲ. ಕೆಂಪು ಕತ್ತಲಲ್ಲಿ ಆಟೋಫೋಕಸ್ ತಡಕಾಡೋ ಕಾಟವೂ ತಪ್ಪಿತು.

1/32ರಲ್ಲಿ ಮಿಂಚು ಬಲು ಚಿಕ್ಕದು, ಡ್ರಮ್ ಸ್ಟಿಕ್ಕೂ ನಿಲ್ಲುತ್ತೆ, ಮರುಚಾರ್ಜೂ ಬೇಗ. ಫುಲ್ ಪವರ್‌ನಲ್ಲಿ ಮೂರು ನಾಲ್ಕು ಸೆಕೆಂಡ್ ಕಾಯಬೇಕು, ಅಷ್ಟರಲ್ಲಿ ಹಾಡೇ ಮುಗಿದಿರುತ್ತೆ.

ಹಿಂದಿನ ಪಾರ್ ಬಣ್ಣವೂ ಬೇಕು ಅಂದ್ರೆ ಶಟರ್ 1/25 ಅಥವಾ 1/10, ರಿಯರ್ ಕರ್ಟನ್ (ಶಟರ್ ಮುಚ್ಚೋ ಮುಂಚೆ ಕೊನೆಗೆ ಫ್ಲ್ಯಾಶ್). ಎರಡೂ 10 ಮಿಲಿಸೆಕೆಂಡಿನ ಪೂರ್ಣ ಗುಣಕ, ಪಟ್ಟೆ ಬರಲ್ಲ. ಅರ್ಧ ಮೀಟರ್ ಹತ್ತಿರಕ್ಕೆ ಬಂದ ಕೈ ಬೆಳ್ಳಗೆ ಸುಟ್ಟುಹೋಗುತ್ತೆ, ಅದಕ್ಕೆ ಮದ್ದಿಲ್ಲ. ಶುರುವಾಗೋ ಮೊದಲೇ ಬ್ಯಾಂಡಿಗೆ ‘ಫ್ಲ್ಯಾಶ್ ಹೊಡೀಬಹುದಾ’ ಅಂತ ಕೇಳಿ. ಜನರಲ್ಲಿ ಮಿಂಚಿಗೆ ಮೂರ್ಛೆ ಬರೋರು ಇರಬಹುದು, ಬಾಗಿಲಲ್ಲಿ ಒಂದು ಚೀಟಿ ಅಂಟಿಸೋಕೆ ಆಯೋಜಕರಿಗೆ ಹೇಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರ ಧ್ವನಿವರ್ಧಕ ನಿರ್ಬಂಧಕ್ಕೆ ಹೆದರಿ ಇಲ್ಲಿ ಭಾನುವಾರ ಸಂಜೆ 5ಕ್ಕೇ ಶುರು ಮಾಡೋದುಂಟು. ಆಗ ವೆಂಟಿಲೇಟರಿಂದ ಹಗಲು ಬೆಳಕು ಸೋರುತ್ತೆ. ಮೊದಲ ಬ್ಯಾಂಡಿನ ಸೆಟ್ಟಿಂಗ್ ಮೂರನೇ ಬ್ಯಾಂಡಿಗೆ ನಡೆಯಲ್ಲ.

ಫಿಕ್ಸರ್_ವಾಸನೆ:
ಇದೇ ಚರ್ಚೆಯಲ್ಲಿ ಕೇಳ್ತೀನಿ, ಕ್ಷಮಿಸಿ. ಇಲ್‌ಫರ್ಡ್ ಕಂಪನಿಯ ಕಪ್ಪುಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್ 1600ಕ್ಕೆ ಎಳೆದು (ಪುಶ್ ಮಾಡಿ, ಅಂದ್ರೆ ಕಡಿಮೆ ಬೆಳಕಲ್ಲಿ ತೆಗೆದು ಜಾಸ್ತಿ ಹೊತ್ತು ಡೆವಲಪ್ ಮಾಡೋದು) ಐಡಿ-11 ಡೆವಲಪರಿನ ಸ್ಟಾಕಲ್ಲಿ (ನೀರು ಬೆರೆಸದೆ) 14 ನಿಮಿಷ ಕೊಟ್ಟೆ. ನೆಗೆಟಿವ್ ಮುಖದ ಜಾಗ ಗೋಡೆ ಥರ ದಪ್ಪ, ನೆರಳು ಖಾಲಿ. ನಲ್ಲಿ ನೀರು ಏಪ್ರಿಲ್‌ನಲ್ಲಿ 26 ಡಿಗ್ರಿ.

ಕತ್ತಲೆಕೋಣೆ:
14 ನಿಮಿಷ 20 ಡಿಗ್ರಿಯ ಲೆಕ್ಕ. ಇಲ್‌ಫರ್ಡ್ ಹೇಳೋ ಪ್ರಕಾರ 20 ಡಿಗ್ರಿಯಲ್ಲಿ 4 ನಿಮಿಷದ್ದು 23ರಲ್ಲಿ 3 ನಿಮಿಷಕ್ಕೇ ಆಗುತ್ತೆ. 24ಕ್ಕೆ ನಿಮ್ಮದು ಸುಮಾರು ಒಂಬತ್ತೂವರೆ ನಿಮಿಷ. ನೀವು 26ರಲ್ಲಿ ಪೂರ್ತಿ 14 ಬೇಯಿಸಿದ್ದೀರಿ. ಒಂದು ಲೀಟರ್ ನೀರಿನ ಬಾಟಲ್ ಫ್ರೀಜರಿನಲ್ಲಿ ಗಟ್ಟಿ ಮಾಡಿ ಬಕೆಟ್ಟಿಗೆ ಇಳಿಸಿ, ಟ್ಯಾಂಕು, ಡೆವಲಪರ್, ಫಿಕ್ಸರ್, ತೊಳೆಯೋ ನೀರು ಎಲ್ಲ ಅದರಲ್ಲೇ ಇಟ್ಟು 24ಕ್ಕೆ ತನ್ನಿ. ಒಂದು 20, ಇನ್ನೊಂದು 28 ಅಂತ ಬಿಟ್ಟರೆ ಎಮಲ್ಷನ್ ಸುಕ್ಕುಗಟ್ಟೋ ಅಪಾಯ. ಖಾಲಿ ನೆರಳು ಮಾತ್ರ ವಾಪಸ್ ಬರಲ್ಲ: ಪುಶ್ ಮಾಡಿದ್ರೆ ಬೆಳಕಿದ್ದ ಕಡೆ ದಪ್ಪ ಆಗುತ್ತೆ, ಇಲ್ಲದ ಕಡೆ ಹುಟ್ಟಲ್ಲ.

ಝೆರಾಕ್ಸ್_ಪೇಟೆ:
ಝೀನ್ ಅಂದಿದ್ದಕ್ಕೆ ಬಂದೆ. ಗಿಗ್ ಚಿತ್ರ ಹಾಗೇ ಝೆರಾಕ್ಸಿಗೆ ಹಾಕಿದ್ರೆ ಕಪ್ಪು ಕಲ್ಲಿದ್ದಲು. ಮೊದಲು ನೀವೇ ಚುಕ್ಕಿ ಮಾಡ್ಕೊಳ್ಳಿ: ಗ್ರೇಸ್ಕೇಲ್, ನೆರಳು ಒಂದು ಸ್ಟಾಪ್ ಎತ್ತಿ, 600 ಡಿಪಿಐ, ಇಂಚಿಗೆ 60 ಗೆರೆಯ ಹಾಫ್‌ಟೋನ್ (ಬೂದು ಛಾಯೆಗಳನ್ನ ದೊಡ್ಡ ಸಣ್ಣ ಕಪ್ಪು ಚುಕ್ಕಿಗಳಾಗಿ ಒಡೆಯೋದು). ಒಂದು ಚುಕ್ಕಿಗೆ 10ಕ್ಕೆ 10ರ ಚೌಕ, ನೂರು ಛಾಯೆ ಸಿಗುತ್ತೆ. ಚಿತ್ರ ತಿದ್ದೋ ಉಚಿತ ಸಾಫ್ಟ್‌ವೇರ್ ಜಿಂಪ್‌ನ ನ್ಯೂಸ್‌ಪ್ರಿಂಟ್ ಫಿಲ್ಟರ್ ಸಾಕು. ಲೇಸರ್‌ನಲ್ಲಿ ಒಂದು ಮಾಸ್ಟರ್ ತೆಗೆದು, ಎಲ್ಲ ಪ್ರತಿಯನ್ನೂ ಅದರಿಂದಲೇ ಮಾಡಿಸಿ. ಪ್ರತಿಯ ಪ್ರತಿ ಮಾಡಿಸಿದ್ರೆ ಚುಕ್ಕಿ ಒಂದಕ್ಕೊಂದು ಅಂಟುತ್ತೆ. ಪುಟ 4ರ ಗುಣಕದಲ್ಲಿರಲಿ: ಎ5 ಅಳತೆಯ 16 ಪುಟಕ್ಕೆ ಎರಡೂ ಬದಿ ಹಾಕಿದ 4 ಎ4 ಹಾಳೆ.

ಪ್ರತಿ ರಾತ್ರಿಯ ಮೊದಲ ಫ್ರೇಮ್ ಪೋಸ್ಟರಿನದಾಗಿರಲಿ, ಬ್ಯಾಂಡಿನ ಹೆಸರು ತಾರೀಖು ಆಮೇಲೆ ಹುಡುಕಬೇಕಿಲ್ಲ. ಗುಂಪಿನಲ್ಲಿ ಮನೆಗೆ ಗೊತ್ತಿಲ್ಲದೆ ಬಂದ ಹುಡುಗ ಹುಡುಗಿಯರೂ ಇರ್ತಾರೆ. ಮುಖ ಗುರುತಾಗೋ ಚಿತ್ರ ಕೇಳದೆ ಹಾಕ್ಬೇಡಿ, ನೆಟ್ಟಿಗೆ ಹಾಕೋ ಮುಂಚೆ ಜಿಪಿಎಸ್ ಮಾಹಿತಿ ಅಳಿಸಿ.

ಬೇಸ್‌ಮೆಂಟ್28:
ಬಿಳಿ ಹಾಳೆ ಪರೀಕ್ಷೆ ಮಾಡಿದೆ. ಟ್ಯೂಬಿಗೆ 6, ಪಾರಿಗೆ 26. ಮೆಕ್ಯಾನಿಕಲ್ 1/100ರಲ್ಲಿ ಪಟ್ಟೆ ಪೂರ್ತಿ ಹೋಯ್ತು. ಉಳಿದದ್ದು ಎರಡು: ಪಾರ್‌ನಲ್ಲಿ ಬಿಳಿ ಚಾನೆಲ್ ಇಲ್ಲ, ಮೂರೇ ಬಣ್ಣ. ಇನ್ನು ಕರೆಂಟ್ ಹೋಗಿ ಜನರೇಟರ್ ಹಾಕಿದಾಗ?

ಸೋಲ್ಡರ್_ಮಗ:
ಜನರೇಟರ್ ಲೋಡ್ ಕಮ್ಮಿ ಇದ್ದಾಗ 52 ಹರ್ಟ್ಸ್ ತನಕ ಏರುತ್ತೆ, ಆಂಪ್ ಎಲ್ಲ ಜೋರಾದಾಗ 50ರ ಹತ್ತಿರ ಇಳಿಯುತ್ತೆ. 1/50ಕ್ಕೆ ಇಳಿಸಿ, ಎರಡು ಮಿನುಗು ಸೇರಿ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಪಾರಿಗೆ ಇದು ತಾಗಲ್ಲ, ಅದರ ಡಿಮ್ಮಿಂಗ್ ಒಳಗಿನ ಚಿಪ್ಪಿನದು.

ಮೂರು ಚಾನೆಲ್ಲಾದ್ರೂ ಚಿಂತೆ ಇಲ್ಲ. 0 ಅಥವಾ 255 ಮಾತ್ರ ಬಳಸಿದ್ರೆ ಮಿನುಗದ ಏಳು ಬಣ್ಣ ಸಿಗುತ್ತೆ: ಕೆಂಪು, ಹಸಿರು, ನೀಲಿ, ಹಳದಿ, ತಿಳಿನೀಲಿ, ಕಡುಗುಲಾಬಿ, ಮೂರೂ ಸೇರಿ ಒಂದು ನೀಲಿಛಾಯೆಯ ಬಿಳಿ. ಹಾಡೋರ ಮೇಲೆ ಬಿಳಿ, ಡ್ರಮ್ ಹಿಂದೆ ಕಡುಗುಲಾಬಿ ಹಾಕಿ ನೋಡಿ. ಹಸಿರು ಮಾತ್ರ ಬೇಡ ಗುರು, ಇಡೀ ಬ್ಯಾಂಡಿಗೆ ಕಾಮಾಲೆ ಬಂದ ಹಾಗೆ ಕಾಣುತ್ತೆ.