ಸ್ಕಾಟ್ಲೆಂಡ್ ರಾಜ ರಾಣಿಯರ ಕೋಟೆ ಅರಮನೆಗಳಿಗೆ ಗುಂಪಾಗಿ ಹೋಗಿ ಬಂದೋರು ಸ್ವಲ್ಪ ಹೇಳಿ

ಲೀಡ್ಸ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಜೂನ್ ಕೊನೇಲಿ ನಮ್ಮ ಅಪ್ಪ ಅಮ್ಮ, ಅತ್ತೆ ಮಾವ ಬೆಂಗಳೂರಿಂದ ಬರ್ತಿದಾರೆ, ಇಲ್ಲಿನ ಇನ್ನೆರಡು ಕನ್ನಡ ಫ್ಯಾಮಿಲಿನೂ ಸೇರ್ಕೊಂಡ್ರೆ ಹದಿನಾಲ್ಕು ಜನ ಆಗ್ತೀವಿ. ನಾಲ್ಕು ದಿನ ಎಡಿನ್‌ಬರೋ ಸುತ್ತಮುತ್ತ ಅಂತ ಪ್ಲಾನು. ಅಪ್ಪ ಹಿಸ್ಟರಿ ಮೇಷ್ಟ್ರಾಗಿದ್ದೋರು, ಹದಿನಾರನೇ ಶತಮಾನದ ಸ್ಕಾಟ್ಲೆಂಡ್ ರಾಣಿ ಮೇರಿ, ಅವಳಿಗಿಂತ ಹಿಂದಿನ ರಾಜ ರಾಬರ್ಟ್ ಬ್ರೂಸ್ ಇವರ ಜಾಗಗಳನ್ನ ನೋಡ್ಲೇಬೇಕು ಅಂತಿದಾರೆ. ಅಮ್ಮಂಗೆ ಮಂಡಿ ನೋವು. ಕೋಚ್ ಟೂರ್ ತಗೊಳ್ಳೋದಾ, ನಾವೇ ವ್ಯಾನ್ ಮಾಡ್ಕೊಂಡು ಹೋಗೋದಾ? ಯಾವುದು ಬಿಡಬಾರದು, ಯಾವುದು ಬಿಟ್ರೂ ನಡೆಯತ್ತೆ?

ಗ್ಲಾಸ್ಗೋದಿಂದ:
ಊರಿಂದ ಬಂದೋರನ್ನ ಕರ್ಕೊಂಡು ಈ ಕಡೆಯೆಲ್ಲ ಸುಮಾರು ಓಡಾಡಿದೀವಿ. ನಾನು ಹೇಳೋದು ಒಂದೇ, ಎಷ್ಟು ಕೋಟೆ ಆಯ್ತು ಅಂತ ಲೆಕ್ಕ ಇಟ್ಕೊಂಡು ಹೋಗ್ಬೇಡಿ, ಒಬ್ಬರ ಕಥೆ ಹಿಡ್ಕೊಂಡು ಹೋಗಿ. ಗುಂಪಲ್ಲಿ ಅರ್ಧ ಜನಕ್ಕೆ ನಾಲ್ಕನೇ ಜೇಮ್ಸ್ ಯಾರು, ಐದನೇ ಜೇಮ್ಸ್ ಯಾರು ಅಂತ ಎರಡನೇ ಕೋಟೆ ಹೊತ್ತಿಗೇ ತಲೆ ಕೆಟ್ಟು ಹೋಗತ್ತೆ, ಆಮೇಲೆ ಗೋಡೆ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋದಷ್ಟೇ ಉಳಿಯೋದು. ನಿಮ್ಮಪ್ಪನೇ ಮೇರಿ ಹೆಸರು ಹೇಳಿದಾರಲ್ಲ, ಅವಳನ್ನೇ ಹಿಡ್ಕೊಳ್ಳಿ, ಮಕ್ಕಳೂ ಕೇಳ್ತಾರೆ.

ಮೊದಲನೇ ದಿನ ಲಿನ್ಲಿತ್‌ಗೋ ಅರಮನೆ. 1542ರ ಡಿಸೆಂಬರ್ 8ಕ್ಕೆ ಮೇರಿ ಹುಟ್ಟಿದ್ದು ಅಲ್ಲೇ, ಆರು ದಿನಕ್ಕೆ ಅಪ್ಪ ಐದನೇ ಜೇಮ್ಸ್ ಫಾಕ್‌ಲೆಂಡ್ ಅರಮನೇಲಿ ತೀರ್ಕೊಂಡ, ಅಂದ್ರೆ ಆರು ದಿನದ ಕೂಸು ದೇಶಕ್ಕೆ ರಾಣಿ. 1746ರಲ್ಲಿ ಬೆಂಕಿ ಬಿದ್ದಿದ್ದು, ಅವತ್ತಿಂದ ಅರಮನೆಗೆ ಚಾವಣಿ ಇಲ್ಲ, ಆದ್ರೂ ಅಂಗಳದ ಮಧ್ಯ ಕಾರಂಜಿ ಹತ್ರ ನಿಂತು ಸುತ್ತ ಆ ಖಾಲಿ ಕಿಟಕಿಗಳನ್ನ ನೋಡಿದ್ರೆ ಎಷ್ಟು ವೈಭವ ಇದ್ದಿರಬೇಕು ಅಂತ ಗೊತ್ತಾಗತ್ತೆ. ಅದು ಸ್ಟರ್ಲಿಂಗ್ ದಾರೀಲೇ ಇರೋದ್ರಿಂದ ಮಧ್ಯಾಹ್ನ ಸ್ಟರ್ಲಿಂಗ್ ಕೋಟೆ, 1543ರಲ್ಲಿ ಒಂಬತ್ತು ತಿಂಗಳ ಮಗುಗೆ ಪಟ್ಟ ಕಟ್ಟಿದ್ದು ಅಲ್ಲೇ. ಅಲ್ಲಿ ಐದನೇ ಜೇಮ್ಸ್ ಕಟ್ಟಿಸಿದ ಅರಮನೆ ಕೋಣೆಗಳಿಗೆ ಮತ್ತೆ ಹಳೇ ಕಾಲದ ಹಾಗೇ ಬಣ್ಣ ಬಳಿದು ಸಜ್ಜು ಮಾಡಿದಾರೆ, ಬೆಳಗ್ಗೆ ಹಾಳು ಅರಮನೆ ನೋಡಿ ಆಮೇಲೆ ಇದನ್ನ ನೋಡಿದ್ರೆ ಮನಸ್ಸಲ್ಲಿ ಎರಡೂ ಸೇರ್ಕೊಂಡು ಪೂರ್ತಿ ಚಿತ್ರ ಬರತ್ತೆ, ಅದಕ್ಕೇ ಇದೇ ಆರ್ಡರ್‌ನಲ್ಲಿ ಹೋಗಿ.

ಎರಡನೇ ದಿನ ಎಡಿನ್‌ಬರೋ. ಹೋಲಿರೂಡ್ ಅರಮನೇಲಿ ಮೇರಿ ಊಟ ಮಾಡ್ತಿದ್ದ ಕೋಣೆ ತೋರಿಸ್ತಾರೆ, ಎಷ್ಟು ಚಿಕ್ಕದು ಅಂದ್ರೆ ನಿಮ್ಮ ಗುಂಪು ಒಟ್ಟಿಗೆ ಹಿಡಿಯಲ್ಲ. 1566ರ ಮಾರ್ಚ್ 9ರ ರಾತ್ರಿ ಅವಳು ಆರು ತಿಂಗಳ ಬಸುರಿ, ಗಂಡ ಡಾರ್ನ್ಲಿನೇ ಜನ ಕಟ್ಕೊಂಡು ಖಾಸಗಿ ಮೆಟ್ಟಿಲಿಂದ ಮೇಲೆ ಬಂದು ಅವಳ ಸೆಕ್ರೆಟರಿ ರಿಜ್ಜಿಯೋನ ಅಲ್ಲಿಂದ ಎಳೆಸಿ ಕೊಲ್ಲಿಸಿದ್ದು. ಪುಸ್ತಕದಲ್ಲಿ ಓದೋದು ಬೇರೆ, ಆ ಇಕ್ಕಟ್ಟಲ್ಲಿ ನಿಂತಾಗ ಓಡೋಕೂ ಜಾಗ ಇರ್ಲಿಲ್ಲ ಅಂತ ಗೊತ್ತಾಗೋದೇ ಬೇರೆ. ಅದಾಗಿ ಮೂರು ತಿಂಗಳಿಗೆ ಜೂನ್ 19ಕ್ಕೆ ಎಡಿನ್‌ಬರೋ ಕೋಟೇಲಿ ಮಗ ಹುಟ್ಟಿದ, ಆ ಹೆರಿಗೆ ಕೋಣೆನೂ ಪುಟ್ಟದೇ, ಹಲಗೆ ಹೊಡೆದ ಗೋಡೆ. ಅವನೇ ಮುಂದೆ 1603ರಲ್ಲಿ ಇಂಗ್ಲೆಂಡಿಗೂ ರಾಜ ಆದೋನು.

ಆಮೇಲೆ ಲಾಕ್‌ಲೆವೆನ್, ಕೆರೆ ಮಧ್ಯದ ದ್ವೀಪದಲ್ಲಿರೋ ಕೋಟೆ, ಇದನ್ನ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ. ಕಿನ್ರಾಸ್ ಊರಿಂದ ಸಣ್ಣ ಬೋಟಲ್ಲಿ ದ್ವೀಪಕ್ಕೆ ಹೋಗ್ಬೇಕು, ಬೇಸಿಗೆ ಸೀಸನ್‌ನಲ್ಲಿ ಮಾತ್ರ ಇರತ್ತೆ. 1567ರ ಜೂನ್‌ನಲ್ಲಿ ತಿರುಗಿಬಿದ್ದ ಸರದಾರರು ಮೇರಿನ ಇಲ್ಲಿ ಕೂಡಿ ಹಾಕಿದ್ದು, ಇಲ್ಲೇ ಗರ್ಭಪಾತ ಆಗಿ ಮಲಗಿದ್ದೋಳ ಕೈಲಿ ಜುಲೈ 24ಕ್ಕೆ ಸಿಂಹಾಸನ ಬಿಟ್ಟುಕೊಡೋ ಪತ್ರಕ್ಕೆ ಸಹಿ ಹಾಕಿಸ್ಕೊಂಡ್ರು, ಐದೇ ದಿನಕ್ಕೆ ಸ್ಟರ್ಲಿಂಗ್‌ನಲ್ಲಿ ಹದಿಮೂರು ತಿಂಗಳ ಮಗನಿಗೆ ಪಟ್ಟ. ಮುಂದಿನ ವರ್ಷ ಮೇ 2ಕ್ಕೆ ವೇಷ ಮರೆಸಿಕೊಂಡು ಬೋಟಲ್ಲಿ ತಪ್ಪಿಸ್ಕೊಂಡ್ಲು. ಒಂದು ವಿಷಯ ಗಮನಿಸಿ, ಈಗ ಕಾಣೋ ದ್ವೀಪ ಆಗ ಇಷ್ಟು ದೊಡ್ಡದಿರ್ಲಿಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಕೆರೆ ನೀರಿನ ಮಟ್ಟ ಇಳಿಸಿದ್ರಿಂದ ನೆಲ ಮೇಲೆ ಬಂದಿದೆ, ಅವಳ ಕಾಲಕ್ಕೆ ನೀರು ಹೆಚ್ಚುಕಮ್ಮಿ ಗೋಡೆ ಪಕ್ಕಕ್ಕೇ ಇತ್ತು. ಇದನ್ನ ಬೋಟಲ್ಲೇ ಎಲ್ಲರಿಗೂ ಹೇಳಿಬಿಡಿ, ಅಲ್ಲಿ ಇಳಿದ ಮೇಲೆ ನೋಡೋ ಕಣ್ಣೇ ಬದಲಾಗತ್ತೆ.

ನ್ಯೂಕಾಸಲ್‌ನಿಂದ:
ಮೇಲಿನೋರು ಹೇಳಿದ್ದು ಸರಿನೇ, ಆದ್ರೆ ಹಿಸ್ಟರಿ ಮೇಷ್ಟ್ರಿಗೆ ಬ್ರೂಸ್‌ನ ಬಿಟ್ಟುಬಿಟ್ರೆ ಹೇಗೆ. ನೀವು ಲೀಡ್ಸ್‌ನಿಂದ ತಾನೇ ಬರೋದು, ಮೋಟರ್‌ವೇ ಬಿಟ್ಟು ಎ68 ರೋಡ್ ಹಿಡೀರಿ, ಜೆಡ್‌ಬರ ಊರು ದಾರೀಲೇ ಸಿಗತ್ತೆ, 1566ರ ಅಕ್ಟೋಬರ್‌ನಲ್ಲಿ ಮೇರಿ ಸಾಯೋ ಹಾಗೆ ಕಾಯಿಲೆ ಬಿದ್ದಿದ್ದು ಆ ಊರಲ್ಲಿ, ಅವಳ ಹೆಸರಿನ ಮ್ಯೂಸಿಯಂ ಮನೆ ಇದೆ. ಇನ್ನು ಸ್ವಲ್ಪ ಮುಂದೆ ಮೆಲ್‌ರೋಸ್ ಅಬ್ಬೆ, ಅಂದ್ರೆ ಹಳೇ ಕ್ರೈಸ್ತ ಮಠ. 1329ರಲ್ಲಿ ಬ್ರೂಸ್ ಸತ್ತಾಗ ದೇಹ ಡನ್‌ಫರ್ಮ್‌ಲಿನ್‌ಗೆ, ಹೃದಯ ಬೇರೆ. ಅದನ್ನ ಪವಿತ್ರ ಭೂಮಿಗೆ ಒಯ್ಯಬೇಕು ಅಂತ ಹೊರಟ ಅವನ ಸರದಾರ ಜೇಮ್ಸ್ ಡಗ್ಲಸ್ ಸ್ಪೇನ್‌ನಲ್ಲೇ ಯುದ್ಧದಲ್ಲಿ ಸತ್ತ, ಹೃದಯ ವಾಪಸ್ ಬಂದು ಮೆಲ್‌ರೋಸ್‌ನಲ್ಲಿ ಮಣ್ಣಾಯ್ತು. ಡನ್‌ಫರ್ಮ್‌ಲಿನ್ ಲಾಕ್‌ಲೆವೆನ್‌ಗೆ ಹತ್ತಿರ, ಅದೇ ದಿನಕ್ಕೆ ಸೇರಿಸ್ಕೊಳ್ಳಿ. ಚರ್ಚ್ ಗೋಪುರದ ನಾಲ್ಕೂ ಕಡೆ ಕಲ್ಲಲ್ಲಿ ರಾಜ ರಾಬರ್ಟ್ ದಿ ಬ್ರೂಸ್ ಅಂತ ದೊಡ್ಡ ಅಕ್ಷರ ಕೆತ್ತಿದಾರೆ, ದೂರದಿಂದಲೇ ಓದಬಹುದು, ಸಮಾಧಿ ಒಳಗೆ.

ಇನ್ನೊಂದು, ಹಳೇ ಗೈಡ್‌ಬುಕ್ ನೋಡ್ಕೊಂಡು ಸ್ಕಾಟ್ಲೆಂಡ್ ರಾಜರ ಪಟ್ಟಾಭಿಷೇಕದ ಕಲ್ಲನ್ನ ಎಡಿನ್‌ಬರೋ ಕೋಟೇಲಿ ಹುಡುಕ್ಬೇಡಿ. 1296ರಲ್ಲಿ ಇಂಗ್ಲೆಂಡ್ ರಾಜ ಒಂದನೇ ಎಡ್ವರ್ಡ್ ಸ್ಕೂನ್‌ನಿಂದ ಹೊತ್ಕೊಂಡು ಹೋದ ಕಲ್ಲು, 1996ರಲ್ಲಿ ವಾಪಸ್ ಬಂತು, 2024ರಿಂದ ಪರ್ತ್ ಮ್ಯೂಸಿಯಂನಲ್ಲಿದೆ, ನೋಡೋಕೆ ದುಡ್ಡಿಲ್ಲ, ಟೈಮ್ ಸ್ಲಾಟ್ ಮುಂಚೇನೇ ಬುಕ್ ಮಾಡ್ಕೊಂಡ್ರೆ ಒಳ್ಳೇದು. ಪಕ್ಕದ ಸ್ಕೂನ್ ಅರಮನೇಲಿರೋದು ನಕಲು, ಆದ್ರೆ ರಾಜರಿಗೆ ಪಟ್ಟ ಕಟ್ತಿದ್ದ ದಿಬ್ಬ ಅಲ್ಲೇ ಇದೆ.

ಎಡಿನ್‌ಬರೋದಿಂದ:
ಎಲ್ಲಕ್ಕಿಂತ ಮುಂಚೆ ಹೋಲಿರೂಡ್ ವೆಬ್‌ಸೈಟಲ್ಲಿ ನಿಮ್ಮ ಡೇಟ್ ನೋಡಿ! ಜೂನ್ ಕೊನೆ ಜುಲೈ ಶುರು ಅಂದ್ರೆ ಸಾಮಾನ್ಯವಾಗಿ ರಾಜರು ಇಲ್ಲಿಗೆ ಬಂದು ಉಳ್ಕೊಳ್ಳೋ ವಾರ, ಆಗ ಅರಮನೆ ಜನಕ್ಕೆ ಮುಚ್ಚಿರತ್ತೆ. ಟಿಕೆಟ್ ವಿಷಯ ಹೇಳ್ಬೇಕಂದ್ರೆ ಎಡಿನ್‌ಬರೋ ಕೋಟೆ, ಸ್ಟರ್ಲಿಂಗ್, ಲಿನ್ಲಿತ್‌ಗೋ, ಲಾಕ್‌ಲೆವೆನ್ ಇವೆಲ್ಲ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆ ಕೆಳಗೆ ಬರೋದು, ಅವರ ಎಕ್ಸ್‌ಪ್ಲೋರರ್ ಪಾಸ್ ಲೆಕ್ಕ ಹಾಕಿ ನೋಡಿ, ಬಿಡಿಬಿಡಿಯಾಗಿ ತಗೊಳ್ಳೋದಕ್ಕಿಂತ ಉಳಿತಾಯ ಆಗ್ಬಹುದು. ಹೋಲಿರೂಡ್ ಮತ್ತೆ ಫಾಕ್‌ಲೆಂಡ್ ಅದರಲ್ಲಿ ಬರಲ್ಲ. ಪಾಸ್ ಇದ್ರೂ ಎಡಿನ್‌ಬರೋ ಕೋಟೆಗೆ ಟೈಮ್ ಬುಕ್ ಮಾಡ್ಲೇಬೇಕು, ಹದಿನಾಲ್ಕು ಜನಕ್ಕೆ ಒಂದೇ ಸ್ಲಾಟ್ ಕೊನೇ ಗಳಿಗೇಲಿ ಸಿಗೋದು ಕಷ್ಟ.

ಅಮ್ಮನ ಮಂಡಿ ಬಗ್ಗೆ: ಎಡಿನ್‌ಬರೋ ಕೋಟೆ ಒಳಗೆಲ್ಲ ಏರು, ಉಬ್ಬುತಗ್ಗಿನ ಕಲ್ಲುಹಾಸು, ಆದ್ರೆ ನಡೆಯೋಕೆ ಕಷ್ಟ ಇರೋರನ್ನ ಮೇಲೆ ಬಿಡೋಕೆ ಒಂದು ಗಾಡಿ ಇದೆ, ಗೇಟಲ್ಲೇ ಕೇಳಿ, ಸಂಕೋಚ ಬೇಡ. ಹೋಲಿರೂಡ್‌ನಲ್ಲಿ ಮೇರಿ ಕೋಣೆಗೆ ಹತ್ತೋದು ಕಿರಿದಾದ ಸುರುಳಿ ಮೆಟ್ಟಿಲು, ಅದು ಅವರಿಗೆ ತ್ರಾಸಾಗಬಹುದು. ಲಿನ್ಲಿತ್‌ಗೋದಲ್ಲಿ ಪರವಾಗಿಲ್ಲ, ಮೇಲೆ ಹತ್ತೋರು ಹತ್ತಲಿ, ಅವರು ಕೆರೆ ದಂಡೇಲಿ ಹಂಸ ನೋಡ್ಕೊಂಡು ಕೂತಿರಬಹುದು. ಒಂದು ದಿನಕ್ಕೆ ಎರಡು ಜಾಗಕ್ಕಿಂತ ಜಾಸ್ತಿ ಇಟ್ಕೊಳ್ಳಲೇಬೇಡಿ, ವಯಸ್ಸಾದೋರು ಸುಸ್ತಾಗಿದೆ ಅಂತ ಬಾಯಿ ಬಿಟ್ಟು ಹೇಳಲ್ಲ.

ಮ್ಯಾಂಚೆಸ್ಟರ್‌ನಿಂದ:
ಗಾಡಿ ವಿಷಯಕ್ಕೆ ಬಂದ್ರೆ, ಮಾಮೂಲಿ ಕಾರ್ ಲೈಸೆನ್ಸಲ್ಲಿ ಡ್ರೈವರ್ ಬಿಟ್ಟು ಎಂಟು ಸೀಟಿನ ತನಕ ಮಾತ್ರ ಓಡಿಸಬಹುದು, ಹದಿನಾರು ಸೀಟಿನ ಮಿನಿಬಸ್‌ಗೆ ಡಿ1 ಅನ್ನೋ ಬೇರೆ ಲೈಸೆನ್ಸ್ ಬೇಕು, ನಮ್ಮೋರಲ್ಲಿ ಹೆಚ್ಚಿನೋರ ಹತ್ರ ಇರಲ್ಲ. ಹಾಗಾಗಿ ಒಂಬತ್ತು ಸೀಟಿನ ವ್ಯಾನ್ ಎರಡು, ಇಲ್ಲಾ ಡ್ರೈವರ್ ಸಮೇತ ಮಿನಿಬಸ್. ನನ್ನ ಓಟು ಮಿನಿಬಸ್‌ಗೆ, ಎಲ್ಲರೂ ಒಂದೇ ಗಾಡೀಲಿದ್ರೆ ನಿಮ್ಮಪ್ಪ ಮುಂದೆ ಕೂತು ಮುಂದಿನ ಜಾಗದ ಕಥೆ ಹೇಳ್ತಾ ಬರಬಹುದು, ಅದಕ್ಕಿಂತ ಒಳ್ಳೇ ಗೈಡ್ ನಿಮಗೆ ಸಿಗಲ್ಲ. ರೆಡಿಮೇಡ್ ಕೋಚ್ ಟೂರ್ ಬೇಡ, ಅವರ ಟೈಮ್‌ಗೆ ಓಡ್ಬೇಕಾಗತ್ತೆ, ಲಾಕ್‌ಲೆವೆನ್‌ನಂಥ ಜಾಗ ಅದರಲ್ಲಿ ಇರೋದೇ ಅಪರೂಪ. ಡ್ರೈವರ್‌ಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ಬ್ರೇಕ್ ಕಾನೂನು, ಅದನ್ನ ಊಟದ ಟೈಮ್‌ಗೆ ಹೊಂದಿಸ್ಕೊಳ್ಳಿ.

ಲೀಡ್ಸ್‌ನಿಂದ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೋಲಿರೂಡ್ ಡೇಟ್ ನೋಡ್ದೆ, ಮುಚ್ಚಿರೋ ದಿನಗಳು ನಮ್ಮ ಟ್ರಿಪ್‌ಗೇ ತಾಗ್ತಿವೆ, ಒಂದು ವಾರ ಹಿಂದಕ್ಕೆ ತಗೊತೀವಿ. ಅತ್ತೆಗೆ ರಾಜಮನೆತನದ ಬಾಲ್ಮೊರಲ್ ಕೋಟೆ ನೋಡೋ ಆಸೆ, ಸೇರಿಸಬಹುದಾ?

ಗ್ಲಾಸ್ಗೋದಿಂದ:
ಎಡಿನ್‌ಬರೋದಿಂದ ಹೋಗೋಕೇ ಎರಡೂವರೆ ಮೂರು ಗಂಟೆ, ಬರೋಕೂ ಅಷ್ಟೇ, ಜೊತೆಗೆ ಅದು ವಿಕ್ಟೋರಿಯಾ ಕಾಲದ್ದು, 1852ರಲ್ಲಿ ಕೊಂಡಿದ್ದು, ನಿಮ್ಮ ಮೇರಿ ಬ್ರೂಸ್ ಕಥೆಗೆ ಸೇರಲ್ಲ. ಆದ್ರೂ ಅವರು ಅಷ್ಟು ದೂರದಿಂದ ಆಸೆಪಟ್ಟು ಬರ್ತಿದಾರೆ ಅಂದ್ರೆ ಕೊನೇ ದಿನ ಪರ್ತ್ ನೋಡ್ಕೊಂಡು ಹಾಗೇ ಮೇಲೆ ಹೋಗಿ ಬಾಲಟರ್‌ನಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಬೆಳಗ್ಗೆ ಬಾಲ್ಮೊರಲ್ ಮುಗಿಸಿ ಊರ ಕಡೆ ಹೊರಡಿ. ರೂಮ್ ಮಾತ್ರ ಈಗಲೇ ಬುಕ್ ಮಾಡಿ, ಅದು ಸಣ್ಣ ಊರು.